ಶೆಡ್ಡಿನ ಟೀ

ಅಪ್ಪನ ತಲೆಗೆ ಪೆಟ್ಟು ಬಿದ್ದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನೇ ಅದನ್ನು ಪೆಟ್ಟೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ವ್ಯಾನೊಂದರ ಹಿಂಬಾಗಿಲು ಎತ್ತಿ ನಿಲ್ಲಿಸಿ, ಅದರಡಿ ಕೂತು ತಗಡು ತಟ್ಟುತ್ತಿದ್ದವನು ಏಳುವಾಗ ಬಾಗಿಲಿನ ಅಂಚಿಗೆ ನೆತ್ತಿ ತಾಗಿಸಿಕೊಂಡು, ಬಾಗಿಲನ್ನೇ ಬೈದು, ಮತ್ತೆ ಸುತ್ತಿಗೆ ಹಿಡಿದಿದ್ದ. ಗುದ್ದಿಸಿಕೊಂಡು ಬಂದ ಗಾಡಿಗಳ ನೆಗ್ಗು ತೆಗೆಯುವ ಟಿಂಕರಿಂಗ್ ಕೆಲಸದಲ್ಲೇ ಕೂದಲು ಬೆಳ್ಳಗಾದವನು ಅವನು. ಬೇರೆಯವರ ಬಾನೆಟ್ಟಿನ ಮೇಲೆ ಉಗುರಿನಷ್ಟು ನೆಗ್ಗಿದ್ದರೂ ಬೀದಿಯ ಆಚೆ ಬದಿಯಿಂದಲೇ ಕಂಡುಹಿಡಿಯುತ್ತಿದ್ದ. ತನ್ನದು ಮಾತ್ರ ಕಾಣಲಿಲ್ಲ.

ಕಂಡದ್ದು ಮಗಳಿಗೆ. ಅದೂ ತಲೆಯಲ್ಲಲ್ಲ, ಚಪ್ಪಲಿಯಲ್ಲಿ. ಕೆಲವು ವಾರಗಳಾದ ಮೇಲೆ ಅಪ್ಪ ಎಡಗಾಲಿನ ಚಪ್ಪಲಿಯನ್ನು ಎಲ್ಲೆಂದರಲ್ಲಿ ಬಿಟ್ಟು ಬರತೊಡಗಿದ. ಮೆಟ್ಟಿಲ ಮೇಲೊಮ್ಮೆ, ಬಚ್ಚಲ ಬಾಗಿಲಲ್ಲೊಮ್ಮೆ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಅದರ ಪರಿವೆಯೇ ಇಲ್ಲದೆ ನಡೆದುಬರುತ್ತಿದ್ದ. ತಮ್ಮನಿಗೆ ಫೋನು ಮಾಡಿದರೆ, "ವಯಸ್ಸಾಯ್ತಲ್ಲಕ್ಕ, ಮರೆವು," ಎಂದ. ಅವನು ಊರಿನ ಇನ್ನೊಂದು ತುದಿಯಲ್ಲಿದ್ದು ಲಾರಿ ಓಡಿಸುವವನು. ದೂರದಿಂದ ನೋಡುವವರಿಗೆ ಎಲ್ಲವೂ ವಯಸ್ಸೇ. ಅವಳು ಸುಮ್ಮನಾಗಲಿಲ್ಲ. ಅಪ್ಪನನ್ನು ಹೆಚ್ಚುಕಮ್ಮಿ ಎಳೆದುಕೊಂಡೇ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿದಳು.

ತಲೆಬುರುಡೆಗೂ ಮೆದುಳಿಗೂ ನಡುವೆ, ಬಲಗಡೆ, ಹಳೆಯ ರಕ್ತ ತುಂಬಿಕೊಂಡಿತ್ತು. ಯಾವಾಗಲೋ ಹನಿಹನಿಯಾಗಿ ಒಸರಿದ್ದು ಈಗ ಮೆದುಳನ್ನೇ ಪಕ್ಕಕ್ಕೆ ಒತ್ತುತ್ತಿದೆ, ಅದಕ್ಕೇ ಎಡಗಾಲು ಸೋಲುತ್ತಿದೆ ಎಂದರು ಸರ್ಜನ್. ಮಿತಮಾತಿನ ಮನುಷ್ಯ. "ಎರಡು ಸಣ್ಣ ತೂತು ಹಾಕಿ ತೆಗೀತೀವಿ. ನೋಡೋಕೆ ಹಳೇ ಎಂಜಿನ್ ಆಯಿಲ್ ಥರ ಇರುತ್ತೆ."

ಅಪ್ಪನಿಗೆ ಆವತ್ತು ಸಮಾಧಾನವಾದದ್ದು ಆ ಮಾತಿನಿಂದಲೇ. "ಆಯಿಲ್ ಬದಲಾಯಿಸೋ ಕೆಲಸ ತಾನೆ ಸಾರ್. ಡ್ರಿಲ್ ಬಿಟ್ ಎಷ್ಟು ಸೈಜು ಹಾಕ್ತೀರ?"

ಆಪರೇಷನ್ ಚೆನ್ನಾಗಿಯೇ ಆಯಿತು. ನೆತ್ತಿಯಿಂದ ಇಳಿಬಿದ್ದ ನಳಿಕೆಯಲ್ಲಿ ಕಪ್ಪು ಕೆಂಪು ನೀರು ಚೀಲಕ್ಕೆ ಇಳಿದು, ತೆಳುವಾಗಿ, ನಿಂತಿತು. ಎಡಗಾಲು ಎದ್ದಿತು. ಮನೆಗೆ ಹೊರಡುವ ದಿನ ಅವಳು ಸರ್ಜನ್ ಮುಂದೆ ಕೂತು ಕೇಳಿದಳು:

"ಮತ್ತೆ ತುಂಬ್ಕೊಳ್ಳುತ್ತಾ ಡಾಕ್ಟ್ರೇ?"

"ಸಾಮಾನ್ಯವಾಗಿ ಇಲ್ಲ."

"ಸಾಮಾನ್ಯವಾಗಿ ಅಂದ್ರೆ?"

ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವುದು ಅವಳ ಕೆಲಸ. ಇಂಥ ಜಾರುವ ಪದ ಕಂಡರೆ ಪಕ್ಕದಲ್ಲೊಂದು ಪ್ರಶ್ನಾರ್ಥಕ ಹಾಕದೆ ಮುಂದಿನ ಸಾಲಿಗೆ ಹೋದವಳಲ್ಲ.

ಸರ್ಜನ್ ಪೆನ್ನು ಕೆಳಗಿಟ್ಟರು. "ಹತ್ತು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಮತ್ತೆ ಬರುತ್ತೆ. ವಯಸ್ಸಾದವರ ಮೆದುಳು ಸ್ವಲ್ಪ ಕುಗ್ಗಿರುತ್ತೆ, ಒಳಗೆ ಖಾಲಿ ಜಾಗ ಉಳಿಯುತ್ತೆ. ಅದು ನಮ್ಮ ಕೈಲಿಲ್ಲ. ಮತ್ತೆ ಬಿದ್ರೆ, ಕುಡಿಯೋ ಅಭ್ಯಾಸ ಇದ್ರೆ, ರಕ್ತ ತೆಳು ಮಾಡೋ ಮಾತ್ರೆ ತಗೊಂಡ್ರೆ ಜಾಸ್ತಿ. ಆಸ್ಪಿರಿನ್ ಥರದ್ದು. ಹಾರ್ಟಿಗೆ ಅಂತ ಏನಾದ್ರೂ ತಗೋತಾರಾ?"

"ಇಲ್ಲ. ಬಿಪಿಗೆ ಒಂದು ಮಾತ್ರೆ. ಅದನ್ನೂ ನಾನೇ ಕೊಡೋದು."

ಸರ್ಜನ್ ಅಪ್ಪನ ಕಡೆ ತಿರುಗಿದರು. "ನೀವು ಬೇರೆ ಯಾವ ಮಾತ್ರೇನೂ ತಗೊಳ್ಳಲ್ಲ?"

"ಮಾತ್ರೆ ಕಂಡ್ರೇ ನಂಗಾಗಲ್ಲ ಸಾರ್. ಇವಳು ಕೊಡೋ ಒಂದನ್ನ ನುಂಗೋಕೆ ಒಂದು ಕೊಡ ನೀರು ಬೇಕು."

"ಕುಡಿಯೋದು?"

"ಟೀ. ಅದನ್ನೂ ನಿಲ್ಲಿಸು ಅನ್ನಬೇಡಿ."

"ಟೀ ಕುಡೀರಿ, ಪರವಾಗಿಲ್ಲ," ಎಂದು ಸರ್ಜನ್ ನಕ್ಕರು. ಅವಳೂ ನಕ್ಕಳು. ಆಸ್ಪತ್ರೆ ಸೇರಿದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮನೆಗೆ ಬಂದ ಮೇಲೆ ಅವಳು ಮೈಯೆಲ್ಲ ಕಣ್ಣಾದಳು. ಕಾಲಿಗೆ ತೊಡರುವ ಚಾಪೆಗಳು ಅಟ್ಟ ಸೇರಿದವು. ಬಚ್ಚಲಲ್ಲಿ ಹಿಡಿಕೆ ಬಂತು. ಊಟದ ಮೇಜಿನ ಚೂಪು ಮೂಲೆಗಳಿಗೆ ಬಟ್ಟೆ ಸುತ್ತಿ ಟೇಪು ಹಚ್ಚಿದಳು. ಅಪ್ಪ ಅದನ್ನು ನೋಡಿ, "ಬಂಪರ್ ಚೆನ್ನಾಗಿ ಕೂರಿಸಿದ್ದೀಯ," ಎಂದ. ಅವಳ ಹಳೆಯ ಅಡ್ಡಹೆಸರು ಮತ್ತೆ ಚಾಲ್ತಿಗೆ ಬಂತು. "ಇನ್ಸ್‌ಪೆಕ್ಟ್ರಮ್ಮ, ನಾನು ಎಡಕ್ಕೆ ಮಗ್ಗಲು ತಿರುಗಬಹುದಾ? ಇನ್ಸ್‌ಪೆಕ್ಟ್ರಮ್ಮ, ಸೀನು ಬರ್ತಾ ಇದೆ, ಪರ್ಮಿಷನ್ ಕೊಡ್ತೀಯಾ?" ಪ್ರೆಸ್ಸಿನವರನ್ನು ಗೋಗರೆದು ಕರಡುಗಳನ್ನು ಮನೆಗೇ ತರಿಸಿಕೊಂಡಳು. ಒಂದು ಕಣ್ಣು ಕಾಗದದ ಮೇಲೆ, ಇನ್ನೊಂದು ಅಪ್ಪನ ಎಡಗಾಲಿನ ಮೇಲೆ. ಹೀಗೆ ನೋಡಿ ನೋಡಿ ಅವಳಿಗೇ ತಲೆನೋವು ಹತ್ತಿಕೊಂಡಿತು. ಹುಬ್ಬಿನ ಮೇಲೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತೆ, ಬೆಳಿಗ್ಗೆ ಎದ್ದಾಗಲೂ ಇರುತ್ತಿತ್ತು, ಮಲಗುವಾಗಲೂ ಇರುತ್ತಿತ್ತು.

ಸ್ವಲ್ಪ ಉಸಿರಾಡಲು ಬಿಡುವು ಸಿಗುತ್ತಿದ್ದದ್ದು ಪುಟ್ಟಿ ಮಾಮ ಬಂದಾಗ. ಬಾಗಿಲು ಪೂರ್ತಿ ತುಂಬಿಕೊಳ್ಳುವ ಗಾತ್ರದ ಈ ಮನುಷ್ಯನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಅಪ್ಪ ತಟ್ಟಿ ನೇರ ಮಾಡಿದ ತಗಡಿನ ಮೇಲೆ ಪುಟ್ಟಿಯ ಬಿಳಿ ಲೇಪ ಬಳಿದು ಉಜ್ಜುವವನು ಅವನು. ಇಬ್ಬರೂ ಒಂದೇ ಶೆಡ್ಡಿನಲ್ಲಿ, ಅವಳು ಹುಟ್ಟುವ ಮೊದಲಿನಿಂದ. ದಿನಾ ಮಧ್ಯಾಹ್ನ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಶೆಡ್ಡಿನ ಟೀಯನ್ನು ಫ್ಲಾಸ್ಕಿಗೆ ತುಂಬಿ, ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ.

"ಎಲ್ಲಮ್ಮ ನಮ್ಮ ಜಖಂ ಗಾಡಿ?"

"ಒಳಗಿದೆ ಮಾಮ. ನಗಿಸ್ಬೇಡಿ, ತಲೆ ಅಲ್ಲಾಡುತ್ತೆ."

"ಅಲ್ಲಾಡೋಕೆ ಒಳಗೇನಾದ್ರೂ ಇದ್ರೆ ತಾನೆ."

ಇಬ್ಬರೂ ಕೋಣೆಯಲ್ಲಿ ಕೂತು ಟೀ ಹೀರುತ್ತ, ಗಾಡಿ ಮಾಲೀಕರನ್ನು ಒಬ್ಬೊಬ್ಬರನ್ನಾಗಿ ಹಂಚಿಕೊಂಡು ಬೈಯುವುದು ಅಡುಗೆಮನೆಗೆ ಕೇಳುತ್ತಿತ್ತು. ಡಾಕ್ಟರು ನೋವಿಗೆಂದು ಬರೆದುಕೊಟ್ಟ ಮಾತ್ರೆಯಿಂದ ಏನೂ ಆಗುವುದಿಲ್ಲ ಎಂದು ಬೆಳಗಿನಿಂದ ಗೊಣಗುತ್ತಿದ್ದ ಅಪ್ಪ, ಪುಟ್ಟಿ ಮಾಮ ಹೋಗುವಷ್ಟರಲ್ಲಿ ಹಗುರಾಗಿರುತ್ತಿದ್ದ. ಸ್ನೇಹ ಎಂದರೆ ಔಷಧಿ ಎಂದು ಅವಳು ಅಂದುಕೊಂಡಳು. ಬಾಗಿಲವರೆಗೆ ಬಂದು, "ನಾಳೆ ತಪ್ಪಿಸ್ಬೇಡಿ ಮಾಮ," ಎಂದು ತಾನೇ ಹೇಳಿ ಕಳಿಸುತ್ತಿದ್ದಳು.

ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಎಡಗಾಲಿನ ಚಪ್ಪಲಿ ಒಂಟಿಯಾಗಿ ಬಿದ್ದಿತ್ತು. ಅವಳು ಅಪ್ಪನನ್ನು ನೇರ ಆಸ್ಪತ್ರೆಗೆ ಕರೆದೊಯ್ದಳು.

ಸ್ಕ್ಯಾನಿನ ಚಿತ್ರವನ್ನು ಸರ್ಜನ್ ಬೆಳಕಿಗೆ ಹಿಡಿದರು. "ಮತ್ತೆ ತುಂಬ್ಕೊಂಡಿದೆ. ಇನ್ನೊಂದು ಸಲ ತೆಗೀಬೇಕು. ಇವತ್ತೇ ಅಡ್ಮಿಟ್ ಮಾಡಿ, ನಾಳೆ ಬೆಳಿಗ್ಗೆ ಮಾಡ್ತೀವಿ."

"ಯಾಕೆ ಡಾಕ್ಟ್ರೇ? ಅವರು ಬಿದ್ದಿಲ್ಲ. ಕುಡಿದಿಲ್ಲ. ನೀವು ಬೇಡ ಅಂದಿದ್ದು ಒಂದೂ ಆಗಿಲ್ಲ."

"ಕೆಲವು ಸಲ ಹಾಗೇ. ಇಂಥದ್ದೇ ಕಾರಣ ಅಂತ ಹೇಳಕ್ಕಾಗಲ್ಲ."

"ಕಾರಣ ಗೊತ್ತಿಲ್ಲದೆ ಮತ್ತೆ ತೆಗೆದ್ರೆ ಮತ್ತೆ ತುಂಬ್ಕೊಳ್ಳುತ್ತಲ್ಲ."

"ತುಂಬ್ಕೊಳ್ಳದೇನೂ ಇರಬಹುದು," ಎಂದರು ಸರ್ಜನ್. ಹೊರಗೆ ಇನ್ನೂ ಜನ ಕಾಯುತ್ತಿದ್ದರು.

ಆ ಮಾತಿನ ಮೇಲೆ ಅವಳಿಗೆ ಬಂದ ಸಿಟ್ಟಿಗೆ ಗುರಿಯೇ ಇರಲಿಲ್ಲ. ಸರ್ಜನ್ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದರೆ ಎದುರು ಮಾತಾಡಬಹುದಿತ್ತು. ಕಾರಿಡಾರಿನಲ್ಲಿ ತಮ್ಮ, ಲಾರಿಯ ಕೀ ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ.

"ನೀನು ಅವರನ್ನ ಹಗಲೂ ರಾತ್ರಿ ಮಲಗಿಸಿ ಮಲಗಿಸಿನೇ ಹೀಗಾಗಿರೋದು ಅಕ್ಕ. ಓಡಾಡಿಕೊಂಡು ಇದ್ದಿದ್ರೆ ಎಲ್ಲ ಕರಗಿಹೋಗ್ತಿತ್ತು."

"ಹಾಗಂತ ಯಾರು ಹೇಳಿದ್ರು? ನಿನ್ನ ಕ್ಲೀನರ್ರಾ?"

"ಜನ ಹೇಳ್ತಾರೆ."

"ಆ ಜನಾನ ಕರ್ಕೊಂಡು ಬಾ. ಅಪ್ಪನ್ನ ಬಚ್ಚಲಿಗೆ ಕರ್ಕೊಂಡು ಹೋಗಲಿ."

ತಮ್ಮ ಮುಖ ತಿರುಗಿಸಿಕೊಂಡ. ಅವಳೂ. ಆದರೆ ತಮ್ಮ ಹೇಳಿದ್ದು ಅವಳನ್ನು ಬಿಡಲಿಲ್ಲ. ಓಡಾಡಿದ್ದು ತಪ್ಪೋ, ಮಲಗಿಸಿದ್ದು ತಪ್ಪೋ, ಯಾರೂ ಹೇಳುತ್ತಿರಲಿಲ್ಲ. ಇನ್ನೊಂದು ಅನುಮಾನವೂ ಇತ್ತು. ಅವಳು ಪ್ರೆಸ್ಸಿಗೆ ಹೋಗಲೇಬೇಕಾಗಿ ಬಂದ ಒಂದು ದಿನ, ಸಂಜೆ ಮನೆಗೆ ಬಂದಾಗ ಅಪ್ಪನ ಅಂಗಿಯಿಂದ ಪೇಂಟಿಗೆ ಬೆರೆಸುವ ಥಿನ್ನರ್ ವಾಸನೆ ಬಂದಿತ್ತು. ಕೇಳಿದರೆ, "ಅದು ನನ್ನ ಚರ್ಮದ್ದೇ ವಾಸನೆ," ಎಂದು ತೇಲಿಸಿಬಿಟ್ಟಿದ್ದ. ಕದ್ದು ಶೆಡ್ಡಿಗೆ ಹೋಗಿದ್ದನೇ? ಅಲ್ಲಿ ಮತ್ತೆ ತಲೆ ತಾಗಿಸಿಕೊಂಡನೇ? ಅದನ್ನಾದರೂ ತಿಳಿದುಕೊಂಡು ಬಂದು ಸರ್ಜನ್‌ಗೆ ಹೇಳಬೇಕು ಎಂದು, ತಮ್ಮನನ್ನು ಅಪ್ಪನ ಪಕ್ಕ ಕೂರಿಸಿ ಅವಳು ಶೆಡ್ಡಿಗೆ ಹೊರಟಳು.

ಶೆಡ್ಡು ಇದ್ದದ್ದು ಗುಜರಿ ಅಂಗಡಿಗಳ ಬೀದಿಯ ಕೊನೆಯಲ್ಲಿ. ತಗಡಿನ ಮಾಡು, ತಗಡಿನ ಗೋಡೆ, ಒಳಗೂ ತಗಡನ್ನೇ ತಟ್ಟುವ ಕೆಲಸ. ಒಂದು ಸುತ್ತಿಗೆ ಎದ್ದರೆ ಹತ್ತು ಕಡೆಯಿಂದ ಸದ್ದು ಬಂದು ಕಿವಿಗೆ ಬಡಿಯುತ್ತಿತ್ತು. ಬಾಗಿಲಿಲ್ಲದ ಕಾರೊಂದು ಕಲ್ಲುಗಳ ಮೇಲೆ ಕೂತಿತ್ತು. ಮೂಲೆಯಲ್ಲಿ ಪೇಂಟಿನವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸ್ಪ್ರೇ ಗನ್ ತೊಳೆಯುತ್ತಿದ್ದ. ಥಿನ್ನರಿನ ವಾಸನೆ ಕಣ್ಣಿಗೇ ಇರಿಯುವಂತಿತ್ತು. ಅಪ್ಪ ಕೂರುತ್ತಿದ್ದ ಮುಕ್ಕಾಲಿಯ ಮೇಲೆ ಯಾರೂ ಕೂತಿರಲಿಲ್ಲ. ಅವಳ ತಲೆ ಸಿಡಿಯತೊಡಗಿತು.

ಪುಟ್ಟಿ ಮಾಮ ಕೈಯ ಬಿಳಿ ಧೂಳು ಒರೆಸಿಕೊಳ್ಳುತ್ತ ಬಂದ. "ಏನಮ್ಮ, ಇಲ್ಲೀತನಕ? ನಾನೇ ಆಸ್ಪತ್ರೆಗೆ ಹೊರಟಿದ್ದೆ."

"ಮಾಮ, ನಿಜ ಹೇಳಿ. ಅಪ್ಪ ಇಲ್ಲಿಗೆ ಬಂದಿದ್ರಾ?"

ಅವನು ಪೇಂಟಿನವನ ಮುಖ ನೋಡಿದ. ಪೇಂಟಿನವನು ಗನ್ನಿನ ಮೂತಿ ನೋಡಿದ.

"ಒಂದೇ ಒಂದು ಸಲ. ಮುಕ್ಕಾಲಿ ಮೇಲೆ ಕೂತಿದ್ದ, ಅಷ್ಟೆ. ಸುತ್ತಿಗೆ ಮುಟ್ಟಿಸಲಿಲ್ಲ ನಾನು."

"ತಲೆ ಎಲ್ಲಾದ್ರೂ ತಾಗಿಸ್ಕೊಂಡ್ರಾ?"

"ದೇವರಾಣೆ ಇಲ್ಲ. ಮೇಲಿಂದ ಏನಾದ್ರೂ ಬಿದ್ರೆ ಅಂತ ಹೆಲ್ಮೆಟ್ ಹಾಕಿ ಕೂರಿಸಿದ್ದೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪನ ಮುಕ್ಕಾಲಿಯ ಮೇಲೆಯೇ ಕೂತಳು. ಪುಟ್ಟಿ ಮಾಮ ಅವಳ ಮುಖ ನೋಡಿ, ಸ್ಟೌವಿನ ಮೇಲಿದ್ದ ಮಸಿ ಹಿಡಿದ ಕೆಟಲಿನಿಂದ ಒಂದು ಲೋಟ ಬಗ್ಗಿಸಿ ಕೊಟ್ಟ. "ಕುಡಿ. ಮುಖ ಬಾಡಿಹೋಗಿದೆ." ಟೀ ಬಾಯಿ ಕಟ್ಟುವಷ್ಟು ಸಿಹಿಯಾಗಿತ್ತು, ಸಿಹಿಯ ಹಿಂದೆ ಏನೋ ಒಗರು. ಚಿಕ್ಕವಳಿದ್ದಾಗ ಶೆಡ್ಡಿಗೆ ಬಂದರೆ ಅವಳಿಗೆ ಟೀ ಕೊಡುತ್ತಿರಲಿಲ್ಲ, "ಇದು ಸುತ್ತಿಗೆ ಹಿಡಿಯೋರದ್ದು," ಎಂದು ಬಿಸ್ಕತ್ತು ಕೊಡುತ್ತಿದ್ದರು. ಬೇಸರದಲ್ಲಿ ಲೋಟ ಖಾಲಿ ಮಾಡಿ, ಇನ್ನು ಕೇಳುವುದೇನೂ ಉಳಿಯದೆ, ಅವಳು ಬಸ್ ಸ್ಟಾಪಿಗೆ ಬಂದಳು.

ಬಸ್ಸು ಬರಲಿಲ್ಲ. ಬಂದದ್ದು ಬೇರೆ ಕಡೆಯದು. ಅವಳು ನಿಂತು ನಿಂತು, ನಾಳೆ ಸರ್ಜನ್‌ಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟಿ, ಕೆಡವಿ, ಮತ್ತೆ ಕಟ್ಟುತ್ತಿದ್ದಳು. ಕಟ್ಟಿದ ವಾಕ್ಯ ಸಲೀಸಾಗಿ ನಿಲ್ಲುತ್ತಿದೆ ಎನಿಸಿದಾಗ ಗಮನಕ್ಕೆ ಬಂತು: ತಲೆ ನೋಯುತ್ತಿಲ್ಲ. ಹುಬ್ಬಿನ ಮೇಲೆ ವಾರಗಟ್ಟಲೆ ಒತ್ತಿಕೊಂಡಿದ್ದ ಹೆಬ್ಬೆರಳು ಇಲ್ಲ. ಆ ಸದ್ದು, ಆ ಥಿನ್ನರ್ ವಾಸನೆ ಕುಡಿದು ಬಂದರೆ ತಲೆನೋವು ದುಪ್ಪಟ್ಟಾಗಬೇಕಿತ್ತು. ಹೋಗಿಬಿಟ್ಟಿದೆ.

ತನ್ನ ಬಸ್ಸು ಬಂದು ನಿಂತರೂ ಹತ್ತದೆ ಅವಳು ಹಿಂದಕ್ಕೆ ನಡೆದಳು. ನಡೆದಳು ಎನ್ನುವುದಕ್ಕಿಂತ ಓಡಿದಳು.

"ಮಾಮ, ಟೀಗೆ ಏನು ಹಾಕ್ತೀರಿ?"

ಪುಟ್ಟಿ ಮಾಮನ ಮುಖ ಅರಳಿತು. "ಹೋಯ್ತಾ ತಲೆನೋವು? ನೋಡಿದ್ಯಾ? ನಮ್ಮ ಶೆಡ್ಡಲ್ಲಿ ತಲೆನೋವು ಅನ್ನೋ ಮಾತೇ ಇಲ್ಲ." ಸಕ್ಕರೆ ಡಬ್ಬಿಯ ಹಿಂದಿನಿಂದ ಇನ್ನೊಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ತಲೆನೋವಿನ ಪುಡಿಯ ಪುಟ್ಟ ಪೊಟ್ಟಣಗಳು, ಬೆಂಕಿಪೊಟ್ಟಣ ಮಾರುವ ಅಂಗಡಿಯಲ್ಲಿ ಸರಕ್ಕೆ ಸರ ನೇತುಬಿಟ್ಟಿರುತ್ತಾರಲ್ಲ, ಅವು. "ದಿನವಿಡೀ ತಗಡಿನ ಸದ್ದು. ತಲೆ ನಿಲ್ಲಬೇಕಲ್ಲ. ಕೆಟಲ್ ಇಳಿಸುವಾಗ ಇಷ್ಟು ಹಾಕೋದು. ನಮಗಿಂತ ಮುಂಚಿನವರು ಮಾಡಿಟ್ಟ ಪದ್ಧತಿ."

ಅವಳು ಪೊಟ್ಟಣ ತಿರುಗಿಸಿದಳು. ಇರುವೆ ಸಾಲಿನಂಥ ಅಕ್ಷರಗಳನ್ನು ಓದಿಯೇ ಅವಳ ಕಣ್ಣಿಗೆ ಕನ್ನಡಕ ಬಂದದ್ದು. ಆಸ್ಪಿರಿನ್ ಎಂದಿತ್ತು. ಮೊದಲ ಪದವೇ ಅದು.

"ಅಪ್ಪನ ಫ್ಲಾಸ್ಕಿಗೂ ಹಾಕ್ತಿದ್ರಾ?"

"ಹಾಕದೆ ಇರ್ತೀನಾ? ಅವನಿಗೆ ಅಂತ ಒಂದು ಪೊಟ್ಟಣ ಜಾಸ್ತೀನೇ. ತಲೆಗೆ ತೂತು ಹಾಕಿದ್ದಾರೆ, ನೋವಿರಲ್ವಾ?"

"ಮಾತ್ರೆ ತಗೋತೀರಾ ಅಂತ ಡಾಕ್ಟ್ರು ಕೇಳಿದ್ರು ಮಾಮ. ಅಪ್ಪನ ಎದುರಿಗೇ ಕೇಳಿದ್ರು."

"ಇದು ಮಾತ್ರೆ ಅಲ್ಲವಲ್ಲಮ್ಮ. ಪುಡಿ. ಟೀಗೆ ಹಾಕೋದು."

ಅವಳು ಪದಗಳನ್ನು ತೂಗಿ ಆಡುವವಳು. ಆವತ್ತು ತೂಕ ತಪ್ಪಿತು. "ಇದು ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ. ದಿನಾ ಮನೆಗೆ ಬಂದು, ನಗ್ತಾ ನಗ್ತಾ, ನೀವು ಅಪ್ಪನ ತಲೆಯೊಳಗೆ ರಕ್ತ ಸುರಿದು ಹೋಗ್ತಿದ್ರಿ. ನಾನು ಬಾಗಿಲು ತೆಗೀತಿದ್ದೆ."

ಸುತ್ತಿಗೆಗಳು ನಿಂತವು. ಪುಟ್ಟಿ ಮಾಮ ಡಬ್ಬಿಯ ಮುಚ್ಚಳ ಹಾಕಲು ಹೋದ, ಅದು ಕೂರಲಿಲ್ಲ, ಮತ್ತೆ ಮತ್ತೆ ಒತ್ತಿದ. ಅವಳು ಒಂದು ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ಹೊರಟುಬಿಟ್ಟಳು.

ಸರ್ಜನ್ ಮನೆಗೆ ಹೋಗಲು ಕಾರಿನ ಬಾಗಿಲು ತೆಗೆಯುತ್ತಿದ್ದರು. ಪೊಟ್ಟಣ ನೋಡಿ ಬಾಗಿಲು ಮುಚ್ಚಿದರು. "ಕೊನೇ ಸಲ ಯಾವಾಗ ಕುಡಿದಿದ್ದು?"

"ನಿನ್ನೆ ಮಧ್ಯಾಹ್ನ."

"ಹಾಗಾದ್ರೆ ನಾಳೆ ಬೇಡ. ನಾಳೆ ತೆಗೆದ್ರೆ ಒಳಗೆ ಮತ್ತೆ ಒಸರೋ ಅಪಾಯ ಇದೆ. ಕೆಲವು ದಿನ ಕಾದ್ರೆ ರಕ್ತ ಹೆಪ್ಪುಗಟ್ಟಿಸೋ ಹೊಸ ಕಣ ಹುಟ್ಟುತ್ತೆ, ಒಸರೋದು ಕಡಿಮೆ ಆಗುತ್ತೆ. ಆದ್ರೆ ಕಾಯೋವಾಗ ಒತ್ತಡ ಜಾಸ್ತಿ ಆದ್ರೆ ಕೈಕಾಲು ಪೂರ್ತಿ ಬಿದ್ದುಹೋಗಬಹುದು. ಹಾಗೇನಾದ್ರೂ ಆದ್ರೆ ಹೆಪ್ಪುಗಟ್ಟಿಸೋ ಕಣ ಏರಿಸ್ಕೊಂಡು ತಕ್ಷಣ ಮಾಡ್ತೀವಿ."

"ಎರಡರಲ್ಲಿ ಯಾವುದು ಒಳ್ಳೇದು ಡಾಕ್ಟ್ರೇ?"

"ನಾನಾದ್ರೆ ಕಾಯ್ತೀನಿ. ಗ್ಯಾರಂಟಿ ಕೊಡೋಕಾಗಲ್ಲ."

ಅಷ್ಟೊಂದು ಹುಡುಕಿ ಕಾರಣ ತಂದು ಕೈಗಿಟ್ಟರೂ ಸಿಕ್ಕಿದ್ದು ಇಷ್ಟೇ. ಬೀಗದ ಕೈ ಸಿಕ್ಕಿತು ಎಂದು ಓಡಿ ಬಂದರೆ ಬಾಗಿಲಿಗೆ ಇನ್ನೊಂದು ಬೀಗ.

"ಕಾಯೋಣ," ಎಂದಳು. ತಮ್ಮನನ್ನು ಕೇಳಲಿಲ್ಲ. ಕೇಳಿದ್ದರೆ, ಅವನು ಬೇಡ ಎನ್ನುತ್ತಿದ್ದ. ತಿಳಿದ ಮೇಲೆ ಹಾಗೇ ಎಂದ. "ಅಪ್ಪನ ಕಾಲು ಹೋದ್ರೆ ನೀನು ತಂದು ಕೊಡ್ತೀಯಾ?" ಎಂದು ವಾರ್ಡಿನ ಎಲ್ಲರಿಗೂ ಕೇಳುವಂತೆ ಕೇಳಿದ.

ಅಪ್ಪನಿಗೆ ಕಾಲಿನ ಚಿಂತೆ ಇರಲಿಲ್ಲ. ಪುಡಿಯ ಸಂಗತಿ ಕೇಳಿ ತಲೆಯನ್ನಷ್ಟೇ ಮಗಳ ಕಡೆ ತಿರುಗಿಸಿದ. ಮಾತು ಈಗೀಗ ತುಸು ತೊದಲುತ್ತಿತ್ತು.

"ಅದು ಟೀ," ಎಂದ.

"ಅದರಲ್ಲಿ ಔಷಧಿ ಇತ್ತಪ್ಪ."

"ನನಗೆ ಗೊತ್ತಿಲ್ವಾ ಪುಡಿ ಹಾಕೋದು. ನಾನೇ ಎಷ್ಟು ಸಲ ಹಾಕಿದ್ದೀನಿ. ಅದು ಟೀ ಮಾಡೋ ರೀತಿ ಕಣೆ." ಆಮೇಲೆ, "ಅವನಿಗೆ ಏನಾದ್ರೂ ಅಂದ್ಯಾ?"

ಅವಳು ಹೊದಿಕೆ ಎಳೆದು ಸರಿಮಾಡಿದಳು.

"ಅಂದಿದ್ದೀಯ," ಎಂದ ಅಪ್ಪ. ಗೋಡೆಯ ಕಡೆ ತಿರುಗಲು ಹೋದ, ಎಡಭಾಗ ಏಳದೆ ಅರ್ಧಕ್ಕೇ ನಿಂತ. ಅವಳು ತಿರುಗಿಸಿ ಮಲಗಿಸಬೇಕಾಯಿತು. ತನ್ನ ಮೇಲಿನ ಸಿಟ್ಟಿಗೆ ಬೆನ್ನು ಮಾಡಿ ಮಲಗುವುದಕ್ಕೂ ಅಪ್ಪನಿಗೆ ತನ್ನದೇ ಕೈ ಬೇಕಾಯಿತಲ್ಲ ಎಂದುಕೊಂಡಳು.

ಕಾಯುವುದೆಂದರೆ ಕೈ ನೋಡುವುದು. ನರ್ಸು ಹೇಳಿಕೊಟ್ಟಿದ್ದಳು: ಎರಡೂ ತೋಳು ಮುಂದಕ್ಕೆ ಚಾಚಿಸಿ, ಕಣ್ಣು ಮುಚ್ಚಿಸಿ, ಸೋತ ಕೈ ತಾನಾಗಿಯೇ ಇಳಿಯುತ್ತದೆ. ಅವಳು ಅದನ್ನೇ ಹಿಡಿದಳು. ಹಣ್ಣು ತಿನ್ನಿಸಿ ಕೈ ಚಾಚಿಸುವಳು, ಮುಖ ಒರೆಸಿ ಕೈ ಚಾಚಿಸುವಳು. ಎಡಗೈ ಮೊದಲು ತುಸು ವಾಲುತ್ತಿತ್ತು. ಮಾರನೆಯ ದಿನ ಹೆಚ್ಚು ವಾಲಿತು. ಅಪ್ಪ ಹಲ್ಲು ಕಚ್ಚಿ ಎತ್ತಿ ಹಿಡಿಯುತ್ತಿದ್ದ, ಅವಳಿಗೋಸ್ಕರ ಅಲ್ಲ, ಅವಳ ಮೇಲಿನ ಹಟಕ್ಕೆ. ಅವಳು ಸುಳ್ಳುಸುಳ್ಳೇ, "ಹಾಗೇ ಇದೆ," ಎನ್ನುತ್ತಿದ್ದಳು. ಕಾಯಬೇಕೆಂದ ನಾಲಿಗೆಯನ್ನು ಕಚ್ಚಿ ತುಂಡರಿಸಿಬಿಡೋಣ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ತೋಳು ಚಾಚು ಎಂದರೆ ಬಲಗೈ ಮಾತ್ರ ಬಂತು. ಎಡಗೈ ಹೊದಿಕೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. "ಎಡಗೈ ಅಪ್ಪ," ಎಂದಳು. "ಕೊಟ್ಟೆನಲ್ಲ," ಎಂದ ಅಪ್ಪ. ಅವಳು ನರ್ಸನ್ನು ಕೂಗಲಿಲ್ಲ, ಓಡಿಹೋಗಿ ತೋಳು ಹಿಡಿದು ಎಳೆದುಕೊಂಡು ಬಂದಳು.

ಹಳದಿ ಬಣ್ಣದ ಕಣಗಳ ಚೀಲ ಏರಿಸುತ್ತಲೇ ಅಪ್ಪನನ್ನು ಆಪರೇಷನ್ ಥಿಯೇಟರಿಗೆ ಒಯ್ದರು. ಬಾಗಿಲ ಹೊರಗೆ ಅವಳೂ ತಮ್ಮನೂ ಬೆಂಚಿನ ಎರಡು ತುದಿಗೆ ಕೂತರು. ತಮ್ಮ ಒಂದು ಸಲ ಎದ್ದು ಹೋಗಿ ಅವಳಿಗೆ ನೀರಿನ ಬಾಟಲಿ ತಂದು ನಡುವೆ ಇಟ್ಟ. "ಕೆಳಗೆ ಪುಟ್ಟಿ ಮಾಮ ಕೂತಿದ್ದಾರೆ," ಎಂದ. "ಮೊದಲ ದಿನದಿಂದ ಬಂದು ಕೂತು ಹೋಗ್ತಿದ್ದಾರಂತೆ. ಮೇಲೆ ಬನ್ನಿ ಅಂದ್ರೆ ಬರಲ್ಲ." ಅವಳು ನೀರು ಕುಡಿದಳು. ಏಳಲಿಲ್ಲ. ಪುಟ್ಟಿ ಮಾಮನ ಮೇಲಿನ ಸಿಟ್ಟು ಇನ್ನೂ ಹಾಗೇ ಇತ್ತು. ಅದು ಹೋದರೆ ಅದರ ಜಾಗಕ್ಕೆ ಬಂದು ಕೂರುವುದು ದಿನಾ ಬಾಗಿಲು ತೆಗೆದವಳು ತಾನೇ ಎಂಬ ಮಾತು ಎಂದು ಅವಳಿಗೆ ಗೊತ್ತಿತ್ತು.

ಸರ್ಜನ್ ಹೊರಗೆ ಬಂದು ಮುಖದ ಬಟ್ಟೆ ಇಳಿಸಿದರು. ರಕ್ತ ತೆಗೆದಾಯಿತು, ಹೊಸದಾಗಿ ಒಸರುತ್ತಿಲ್ಲ, ಎಡಗೈ ಬೆರಳು ಆಡಿದೆ. "ಕಾದಿದ್ದು ಒಳ್ಳೇದೇ ಆಯ್ತು ಅನ್ಸುತ್ತೆ," ಎಂದರು.

"ಆ ಪುಡಿಯಿಂದಲೇ ಬಂದಿದ್ದಾ ಡಾಕ್ಟ್ರೇ?"

"ಇರಬಹುದು. ಅದಿಲ್ಲದಿದ್ರೂ ಬರ್ತಿತ್ತೇನೋ. ಮೆದುಳು ಇನ್ನೂ ಪೂರ್ತಿ ಹಿಗ್ಗಿ ಜಾಗ ತುಂಬಿಲ್ಲ. ಸ್ವಲ್ಪ ದಿನ ಗಮನ ಇಟ್ಟಿರಿ."

ಗಮನ ಇಡುವುದನ್ನು ಅವಳಿಗೆ ಹೇಳಬೇಕೇ?

ಅಪ್ಪ ಮನೆಗೆ ಬಂದ. ನಡೆದೇ ಬಂದ, ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡು. ಆದರೆ ಇನ್ಸ್‌ಪೆಕ್ಟ್ರಮ್ಮ ಎಂದು ಕರೆಯಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ. ಮಧ್ಯಾಹ್ನವಾದರೆ ಬೀದಿ ಬಾಗಿಲಿನ ಕಡೆ ಕಿವಿ. ಪುಟ್ಟಿ ಮಾಮ ಬರಲಿಲ್ಲ. ಆಸ್ಪತ್ರೆಯ ಕೆಳಗಿನ ಬೆಂಚಿನಿಂದಲೂ ಅಪ್ಪ ಹೊರಟ ದಿನವೇ ಎದ್ದುಹೋಗಿದ್ದ. ಅಪ್ಪ ಊಟವನ್ನು ಅರ್ಧಕ್ಕೆ ಬಿಡತೊಡಗಿದ. ಇದು ಮಂಕೋ, ಮುನಿಸೋ, ಅಥವಾ ಒಳಗೆ ಮತ್ತೆ ತುಂಬಿಕೊಳ್ಳುತ್ತಿರುವ ಲಕ್ಷಣವೋ? ಮೂರೂ ನೋಡಲು ಒಂದೇ ಥರ ಇರುತ್ತವೆ ಎಂಬುದೇ ಅವಳ ತಲೆ ತಿನ್ನುತ್ತಿತ್ತು. ಪುಟ್ಟಿ ಮಾಮನನ್ನು ಕರೆತಂದು ಮೊದಲೆರಡನ್ನಾದರೂ ಪಟ್ಟಿಯಿಂದ ಹೊಡೆದುಹಾಕಬೇಕಿತ್ತು.

ಮತ್ತೆ ಶೆಡ್ಡಿಗೆ ಹೋದಳು. ಪುಟ್ಟಿ ಮಾಮ ಕಾರಿನ ಬಾಗಿಲೊಂದನ್ನು ಉಜ್ಜುತ್ತಿದ್ದವನು ತಲೆ ಎತ್ತಲಿಲ್ಲ.

"ಅಪ್ಪ ನಿಮ್ಮನ್ನ ಕಾಯ್ತಿದ್ದಾರೆ ಮಾಮ."

"ನಾನು ಬಂದ್ರೆ ಅವನಿಗೆ ಆಗಿಬರಲ್ಲ ಬಿಡಮ್ಮ."

"ನಾನು ಅವತ್ತು ಆಡಿದ್ದು ಜಾಸ್ತಿ ಆಯ್ತು."

"ಆಡಿದ್ದು ಜಾಸ್ತಿ ಏನಲ್ಲ. ಇದ್ದಿದ್ದನ್ನೇ ಆಡಿದೆ." ಉಜ್ಜುತ್ತಲೇ ಇದ್ದ. "ಕೆಟಲಿಗೆ ಹಾಕೋದು ಬಿಟ್ಟಿದ್ದೀವಿ. ಬೇಕಾದವರು ಅವರವರ ಲೋಟಕ್ಕೆ ಹಾಕ್ಕೋತಾರೆ. ಬರಿಗೈಲಿ ಅವನ ಮುಂದೆ ಹೋಗಿ ಕೂತು ಏನು ಮಾಡ್ಲಿ? ಟೀ ಇಲ್ಲದೆ ನಾವಿಬ್ರೂ ಯಾವತ್ತೂ ಮಾತೇ ಆಡಿಲ್ಲ."

"ನಮ್ಮನೇಲಿ ಟೀ ಇಲ್ವಾ?" ಎಂದಳು. "ನಾನು ಮಾಡ್ತೀನಿ. ನೀವು ಅಡುಗೆಮನೇಲಿ ನಿಂತು ನೋಡಿ. ನಾನು ಏನು ಹಾಕ್ತೀನಿ ಅಂತ ನೀವು ಕಾಯಿರಿ, ನೀವು ಏನು ಹಾಕ್ತೀರಿ ಅಂತ ನಾನು ಕಾಯ್ತೀನಿ."

ಅವನು ಆಗ ತಲೆ ಎತ್ತಿದ. ಹುಬ್ಬು, ಮೀಸೆ ಎಲ್ಲ ಪುಟ್ಟಿಯ ಧೂಳಲ್ಲಿ ಬೆಳ್ಳಗಿದ್ದವು.

ಬಂದ. ಅಡುಗೆಮನೆಯ ಬಾಗಿಲು ತುಂಬಿಕೊಂಡು ನಿಂತು ಅವಳು ಸಕ್ಕರೆ ಹಾಕುವುದನ್ನು ನೋಡಿದ. "ಇನ್ನೂ ಹಾಕು," ಎಂದ. ಲೋಟಗಳನ್ನು ಅವಳೇ ಕೋಣೆಗೆ ಒಯ್ದಳು. ಅಪ್ಪ ಗೆಳೆಯನ ಖಾಲಿ ಕೈಗಳನ್ನು ನೋಡಿ, ಮುಖ ನೋಡಿ, "ಇಷ್ಟು ದಿನ ಯಾವ ಗಾಡಿ ಕೆಳಗೆ ಸಿಕ್ಕೊಂಡಿದ್ದೆಯೋ?" ಎಂದ. ಪುಟ್ಟಿ ಮಾಮ ಮೂಗು ಒರೆಸಿಕೊಂಡ. ಅಪ್ಪ ಮೊದಲ ಗುಟುಕು ಹೀರಿ ಮುಖ ಹುಳ್ಳಗೆ ಮಾಡಿದ.

"ಪಾತ್ರೆ ತೊಳೆದ ನೀರು," ಎಂದ.

"ಹೂಂ ಕಣೋ," ಎಂದ ಪುಟ್ಟಿ ಮಾಮ. "ನಾನು ನಿಂತು ನೋಡಿದೆ. ಏನೂ ಹಾಕಲಿಲ್ಲ."

ಇಬ್ಬರೂ ಅವಳ ಕಡೆ ನೋಡಿದರು. ಅವಳು ಜಾಗ ಬಿಟ್ಟು ಕದಲಲಿಲ್ಲ. "ಲೋಟ ಎಡಗೈಲಿ ಹಿಡಿಯಪ್ಪ," ಎಂದಳು.

ಅಪ್ಪ ಲೋಟವನ್ನು ಎಡಗೈಗೆ ಬದಲಾಯಿಸಿದ. ಕುಡಿಯಲಿಲ್ಲ. ತೋಳು ಪೂರ್ತಿ ಮುಂದಕ್ಕೆ ಚಾಚಿ, ಲೋಟವನ್ನು ಅವಳ ಮೂಗಿನ ನೇರಕ್ಕೆ ಹಿಡಿದು, ಕಣ್ಣು ಮುಚ್ಚಿಕೊಂಡ. ಟೀಯ ಮೇಲಿನ ಹಬೆ ಆರುತ್ತ ಬಂತು. ಲೋಟದ ಅಂಚಿನಲ್ಲಿ ಟೀ ತುಸು ನಡುಗಿತು, ನಿಂತಿತು, ಮತ್ತೆ ನಡುಗಿತು.

"ಸಾಕಾ?" ಎಂದ ಅಪ್ಪ, ಕಣ್ಣು ಬಿಡದೆ.

"ಇನ್ನೂ ಸ್ವಲ್ಪ ಹೊತ್ತು," ಎಂದಳು ಅವಳು.